ಜನಧಾರಣಶಕ್ತಿ: ಐಹೊಳೆ ಪ್ರಾಂತದ ನಿದರ್ಶನ

ಒಂದು ಭೂಭಾಗವು ತನ್ನ ಮಣ್ಣು, ನೀರು, ವನಸ್ಪತಿಗಳೆಂಬ ಮೂಲಧನವನ್ನು ಕರಗಿಸಿಕೊಳ್ಳದೆ, ತನ್ನನ್ನು ಆಶ್ರಯಿಸಿದ ಜನರನ್ನು ತಲೆಮಾರಿನಿಂದ ತಲೆಮಾರಿಗೆ ಸಾಧಾರಣ ಸೌಖ್ಯದಿಂದ ಪೋಷಿಸಬಲ್ಲ ಮೇರೆಯನ್ನು ಅದರ ಜನಧಾರಣಶಕ್ತಿ ಎನ್ನುತ್ತಾರೆ. ಸಮಸ್ತ ಪೃಥ್ವಿಗೂ ಅನ್ವಯವಾಗುವಂತೆ ಈ ಮೇರೆಯನ್ನು ಅಂಕೆಗಳಲ್ಲಿ ಹೇಳಲು ಯತ್ನಿಸಿದ ಮೊದಲಿಗರಲ್ಲಿ ಡಚ್ ಸೂಕ್ಷ್ಮದರ್ಶಕತಜ್ಞ ಲೇವನ್‌ಹುಕ್ ಒಬ್ಬನು. 1679ರಲ್ಲಿ ಅವನು ತನ್ನ ಹಾಲೆಂಡಿನ ಜನಸಾಂದ್ರತೆಯನ್ನೇ ಅಳತೆಗೋಲಾಗಿ ಹಿಡಿದು, ಲೋಕದ ವಾಸಯೋಗ್ಯ ನೆಲವನ್ನೆಲ್ಲ ಅದರಿಂದ ಗುಣಿಸಿ, ಸುಮಾರು 1,340 ಕೋಟಿ ಎಂಬ ಸಂಖ್ಯೆಯನ್ನು ಪಡೆದನು. ಅಂದಿನಿಂದ ಹುಟ್ಟಿದ ಇಂತಹ ಅಂದಾಜುಗಳನ್ನು ಜೋಯೆಲ್ ಕೋಹೆನ್ 1995ರ ತಮ್ಮ ಗ್ರಂಥದಲ್ಲಿ ಒಟ್ಟುಗೂಡಿಸಿದಾಗ, ಅವು ನೂರು ಕೋಟಿಗೂ ಕಡಿಮೆಯಿಂದ ತೊಡಗಿ ಲಕ್ಷ ಕೋಟಿಯನ್ನೂ ದಾಟಿದ್ದು, ಬಹುಪಾಲು ಮಾತ್ರ 400ರಿಂದ 1,600 ಕೋಟಿಗಳ ನಡುವೆ ನಿಂತದ್ದು ಕಂಡುಬಂದಿತು. ವಿಶ್ವಸಂಸ್ಥೆಯ ಗಣನೆಯಂತೆ 2022ರ ನವೆಂಬರಿನಲ್ಲಿ ಲೋಕದ ಜನಸಂಖ್ಯೆ 800 ಕೋಟಿಯನ್ನು ಮುಟ್ಟಿತು.

ಲೇವನ್‌ಹುಕ್ಕನು ಹಾಲೆಂಡಿಗೆ ಬದಲಾಗಿ ಐಹೊಳೆಯಿರುವ ಬಾಗಲಕೋಟೆ ಜಿಲ್ಲೆಯನ್ನು ಅಳತೆಗೋಲಾಗಿ ತೆಗೆದುಕೊಂಡಿದ್ದರೆ ಏನಾಗುತ್ತಿತ್ತೆಂದು ಊಹಿಸಿ ನೋಡಬಹುದು. 2011ರ ಗಣತಿಯಂತೆ ಇಲ್ಲಿ ಚದರ ಕಿಲೋಮೀಟರಿಗೆ 288 ಜನ. ಹಿಮಖಂಡವಾದ ಅಂಟಾರ್ಕ್ಟಿಕವನ್ನು ಬಿಟ್ಟು ಉಳಿದ ನೆಲವನ್ನೆಲ್ಲ ಈ ದರದಲ್ಲಿ ತುಂಬಿದರೆ ಸುಮಾರು 3,900 ಕೋಟಿಯಾಗುತ್ತದೆ. 1901ರ ಬಿಜಾಪುರ ಜಿಲ್ಲೆಯ ಸಾಂದ್ರತೆ, ಎಂದರೆ ಸುಮಾರು 50, ಹಿಡಿದರೆ ಅದೇ ಲೆಕ್ಕ 700 ಕೋಟಿಯನ್ನೂ ಮುಟ್ಟುವುದಿಲ್ಲ. ಎರಡು ಜಿಲ್ಲೆಗಳ ಎಲ್ಲೆಗಳು ಒಂದೇ ಅಲ್ಲವಾದರೂ, ಬಾದಾಮಿ, ಬಾಗಲಕೋಟೆ, ಹುನಗುಂದ ತಾಲ್ಲೂಕುಗಳು ಅಂದು ಬಿಜಾಪುರಕ್ಕೇ ಸೇರಿದ್ದವು. ಮಣ್ಣೂ ಅದೇ, ಮಳೆಯೂ ಅದೇ. ಹಾಗಾದರೆ ಬದಲಾದದ್ದು ಯಾವುದು ಎಂಬುದನ್ನು ವಿಚಾರಿಸುವುದೇ ಈ ವಿಷಯದ ಸಾರ.

ಪ್ರಾಂತದ ಸ್ವಭಾವವನ್ನು ಮೊದಲು ತಿಳಿಯಬೇಕು. ಖಾನಾಪುರದ ಕಣಕುಂಬಿಯಲ್ಲಿ ಹುಟ್ಟಿದ ಮಲಪ್ರಭೆಯು ಪಟ್ಟದಕಲ್ಲು, ಐಹೊಳೆಗಳ ಬಳಿ ಹರಿದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ಬಾದಾಮಿಯ ಸುತ್ತ ಮರಳುಗಲ್ಲಿನ ಗುಡ್ಡ ಮತ್ತು ಮಸಾರಿ ನೆಲ. ಹುನಗುಂದದ ಕಡೆಗೆ ತೇವವನ್ನು ಬಹುಕಾಲ ಹಿಡಿದಿಡುವ ಎರೆ. ಸಹ್ಯಾದ್ರಿಯ ಮಳೆಮರೆಯಲ್ಲಿರುವ ಈ ಸೀಮೆಗೆ ವರ್ಷಕ್ಕೆ 600 ಮಿಲಿಮೀಟರಿನ ಆಸುಪಾಸಿನ ಮಳೆ, ಅದೂ ನಂಬಿಕೆಯದಲ್ಲ. ಹಿಂಗಾರಿನ ಬಿಳಿಜೋಳವೇ ಇಲ್ಲಿಯ ಜೀವಧಾನ್ಯ. ಅದರ ಕಾಳು ಮನುಷ್ಯರಿಗೆ, ಕಣಿಕೆ ಎತ್ತುಗಳಿಗೆ.

ಸ್ಥೂಲವಾಗಿ ಒಂದು ಲೆಕ್ಕ ಹಾಕೋಣ. ಆಳಿಗೆ ದಿನಕ್ಕೆ ಅರ್ಧ ಕಿಲೋ ಜೋಳವೆಂದರೆ ವರ್ಷಕ್ಕೆ ಎರಡು ಕ್ವಿಂಟಲಿಗೆ ತುಸು ಕಡಿಮೆ. ಮಳೆಯಾಶ್ರಿತ ಎಕರೆಯೊಂದು ಮೂರೂವರೆ ಕ್ವಿಂಟಲು ಕೊಟ್ಟಿತೆಂದೂ, ಚದರ ಕಿಲೋಮೀಟರಿನ 247 ಎಕರೆಗಳಲ್ಲಿ 150 ಬಿತ್ತನೆಗೆ ಬಂದವೆಂದೂ ಭಾವಿಸಿದರೆ, ಆ ನೆಲವು 290 ಜನರಿಗೆ ಅನ್ನವಿಡುತ್ತದೆ. ಇದು ಗಣತಿಯ ಅಂಕೆಯೊಡನೆ ಹೊಂದಿಬಂದದ್ದು ಕಾಕತಾಳೀಯವೇ ಹೊರತು ಪ್ರಮಾಣವಲ್ಲ. ಏಕೆಂದರೆ ಇದರಲ್ಲಿ ಬೀಜಕ್ಕೆಂದು ತೆಗೆದಿಟ್ಟದ್ದಿಲ್ಲ, ಕಡಲೆ ಕುಸುಬೆಗಳಿಲ್ಲ, ಹತ್ತಿಯಿಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ಪ್ರತಿವರ್ಷವೂ ಮಳೆ ಬಂದೇ ಬರುವುದೆಂಬ ಭಾವನೆ ಇದರ ಬುಡದಲ್ಲಿದೆ. ಸರಾಸರಿ ವರ್ಷದಲ್ಲಿ ಯಾರೂ ಹಸಿವಿನಿಂದ ಸಾಯುವುದಿಲ್ಲ. ನೆಲದ ಮೇರೆಯನ್ನು ಗೊತ್ತುಮಾಡುವುದು ಅತಿ ಕೆಟ್ಟ ವರ್ಷ.

ಅಂತಹ ವರ್ಷ 1876ರಲ್ಲಿ ಬಂದಿತು. ಮುಂಗಾರು ಹಿಂಗಾರುಗಳೆರಡೂ ಕೈಕೊಟ್ಟ ಆ ಕ್ಷಾಮವು, ಮೈಸೂರಿನ ಕಡೆ ಧಾತು ಈಶ್ವರ ಸಂವತ್ಸರಗಳ ಬರವೆಂದು ಹೆಸರಾಗಿ, 1871ರಲ್ಲಿ 50 ಲಕ್ಷವನ್ನು ಮೀರಿದ್ದ ಆ ಸಂಸ್ಥಾನದ ಜನರನ್ನು 1881ರ ವೇಳೆಗೆ 42 ಲಕ್ಷಕ್ಕೂ ಕೆಳಗಿಳಿಸಿತು. ಇತ್ತ ಮುಂಬಯಿ ಆಧಿಪತ್ಯದ ಕಲಾದಗಿ ಜಿಲ್ಲೆಯಲ್ಲಿ, ಎಂದರೆ ತರುವಾಯ ಬಿಜಾಪುರವೆನಿಸಿದ ಈ ಪ್ರಾಂತದಲ್ಲಿಯೇ, 1872ರಲ್ಲಿ ಎಂಟು ಲಕ್ಷಕ್ಕೂ ಹೆಚ್ಚಿದ್ದ ಜನಸಂಖ್ಯೆ 1881ರಲ್ಲಿ 6,38,000ದಷ್ಟಾಯಿತು. ಇಳಿದವರೆಲ್ಲ ಸತ್ತವರಲ್ಲ, ನಿಜಾಮರ ಸೀಮೆಗೆ ಹೊರಟುಹೋದವರೂ ಇದ್ದರು. 1891ರಲ್ಲಿ ಸಂಖ್ಯೆ ಮತ್ತೆ ಎಂಟು ಲಕ್ಷವನ್ನು ಸಮೀಪಿಸಿ, ಶತಮಾನದ ಕೊನೆಯ ಬರಗಳ ತರುವಾಯ 1901ರಲ್ಲಿ 7,35,000ಕ್ಕೆ ಇಳಿಯಿತು. ಈ ಏರಿಳಿತವನ್ನು ಕಂಡ ಅಂದಿನ ಯಾವ ಗಣಿತಜ್ಞನಾದರೂ ಎಂಟು ಲಕ್ಷವೇ ಈ ನೆಲದ ಪರಮಾವಧಿಯೆಂದು ನಿಶ್ಚಯಿಸಿಬಿಡುತ್ತಿದ್ದನು. ಅವನ ತರ್ಕದಲ್ಲಿ ದೋಷವೂ ಕಾಣುತ್ತಿರಲಿಲ್ಲ.

ಆ ಮೇರೆಯನ್ನು ಮೊದಲು ಸಡಿಲಿಸಿದ್ದು ಮಣ್ಣಲ್ಲ, ಕಬ್ಬಿಣದ ಹಳಿ. ಕ್ಷಾಮನಿವಾರಣೆಯ ಉದ್ದೇಶದಿಂದಲೇ ಹುಟ್ಟಿದ ಸದರ್ನ್ ಮರಾಠಾ ರೈಲ್ವೆಯ ಹೊಟಗಿ–ಗದಗ ಮಾರ್ಗವು ಬಾಗಲಕೋಟೆ, ಬಾದಾಮಿಗಳನ್ನು ಹಾಯ್ದು 1884ರಲ್ಲಿ ತೆರೆಯಿತು. ಮಳೆಯಿಲ್ಲದ ಊರಿಗೆ ಮಳೆಯಾದ ಊರಿನ ಧಾನ್ಯ ಬರುವುದು ಸಾಧ್ಯವಾಯಿತು. ತನ್ನ ಹೊಲದಾಚೆಯ ಅನ್ನವನ್ನು ಉಣ್ಣುವ ಈ ರೀತಿ ಈ ನಾಡಿಗೆ ಹೊಸದೇನಲ್ಲ. ಮೇಗುಟಿಯ ಜಿನಾಲಯದಲ್ಲಿ 634ರ ರವಿಕೀರ್ತಿಯ ಶಾಸನವನ್ನುಳಿಸಿಕೊಂಡಿರುವ, ನೂರಕ್ಕೂ ಮಿಕ್ಕ ದೇಗುಲಗಳ ಐಹೊಳೆಯು ಕೇವಲ ತನ್ನ ಜೋಳದ ಬಲದಿಂದ ಅಷ್ಟನ್ನು ಕಟ್ಟಿರಲಾರದು. ಅಯ್ಯಾವೊಳೆಯ ಐನೂರ್ವರೆಂಬ ವಣಿಕ್ಸಂಘವು ಈ ಊರಿನ ಹೆಸರನ್ನು ದಕ್ಷಿಣದ ಪೇಟೆಗಳಲ್ಲೆಲ್ಲ ಹೊತ್ತು ನಡೆಯಿತು. ವೈಭವ ಅಳಿದ ಮೇಲೆ ಜನ ಆ ಗುಡಿಗಳಲ್ಲಿಯೇ ವಾಸಮಾಡಿದರು. ಲಾಡಖಾನನೆಂಬವನು ಬಾಳಿದ ಗುಡಿ ಲಾಡಖಾನ ಗುಡಿಯಾಯಿತು. ದೇವರ ಮನೆಯೂ ಮನುಷ್ಯರ ಒಕ್ಕಲಿಗೆ ಒದಗಿದ ಈ ಪ್ರಸಂಗವನ್ನು ಧಾರಣಶಕ್ತಿಯ ಯಾವ ಸೂತ್ರವೂ ಎಣಿಸಿಕೊಂಡಿಲ್ಲ.

ಇಳಕಲ್ಲಿನ ಸೀರೆಯೂ ಗುಳೇದಗುಡ್ಡದ ಖಣವೂ ಹೊಲದಾಚೆಯ ಅನ್ನದ ಮಾತಿನ ಮುಂದುವರಿಕೆ. ಕುಣಿಮಗ್ಗಕ್ಕೆ ಬೇಕಾದದ್ದು ಅಂಗೈಯಗಲದ ನೆಲ. ನೇಕಾರನು ಬಟ್ಟೆಯನ್ನು ಕೊಟ್ಟು ಬೇರೆ ನೆಲದ ಧಾನ್ಯವನ್ನು ತರುತ್ತಾನೆ. ಆದರೆ ಬರದ ವರ್ಷದಲ್ಲಿ ರೈತನು ಮೊದಲು ಕೈಬಿಡುವ ಖರ್ಚು ಸೀರೆಯದು. ಆಗ ಹೊಲದ ಒಣಗು ಮಗ್ಗದ ಗುಂಡಿಗೂ ಇಳಿಯುತ್ತದೆ. ಇಳಕಲ್ಲಿನ ಕೆಂಪು ಗ್ರಾನೈಟು ಮಳೆಯನ್ನು ಕಾಯುವುದಿಲ್ಲವಾದರೂ, ಒಮ್ಮೆ ತೆಗೆದ ಕಲ್ಲು ಮತ್ತೆ ಬೆಳೆಯುವುದಿಲ್ಲ.

ಇಪ್ಪತ್ತನೆಯ ಶತಮಾನದ ಉತ್ತರಾರ್ಧದ ಸಾಧನವೆಂದರೆ ಅಣೆಕಟ್ಟು. ನವಿಲುತೀರ್ಥದಲ್ಲಿ ಮಲಪ್ರಭೆಗೆ, ಆಲಮಟ್ಟಿಯಲ್ಲಿ ಕೃಷ್ಣೆಗೆ ಕಟ್ಟೆಗಳು ನಿಂತವು. ಘಟಪ್ರಭೆಯ ನೀರಿನಿಂದ ಮುಧೋಳ, ಜಮಖಂಡಿಗಳ ಕಡೆ ಕಬ್ಬು ಬೆಳೆಯಿತು. ಕಬ್ಬು ಹಣವನ್ನು ತರುತ್ತದೆ, ನೀರನ್ನು ಅದಕ್ಕಿಂತ ಬೇಗ ಕುಡಿಯುತ್ತದೆ. ಹರಿದ ನೀರು ಬಸಿಯದೆ ನಿಂತಲ್ಲಿ ಎರೆಯ ನೆಲ ಸವಳು–ಜವಳಾಗಿ ಬಂಜರಾಯಿತು. ಆಲಮಟ್ಟಿಯ ಹಿನ್ನೀರಿಗೆ ಹಳೆಯ ಬಾಗಲಕೋಟೆಯ ದೊಡ್ಡ ಭಾಗ ಹೋಗಿ, ಮುಳುಗಡೆಯವರು ನವನಗರಕ್ಕೆ ಬಂದರು. ಕೆಳಗಿನ ಹೊಲಗಳ ಧಾರಣಶಕ್ತಿಯನ್ನು ಹೆಚ್ಚಿಸಿದ ನೀರು ಮೇಲಿನ ಊರುಗಳದನ್ನು ಸೊನ್ನೆಗೊಳಿಸಿತೆಂಬುದನ್ನು ಲೆಕ್ಕದ ಎರಡೂ ಬದಿಯಲ್ಲಿ ಬರೆಯುವುದು ನ್ಯಾಯ. ಇದಕ್ಕೆ ಹೋಲಿಸಿದರೆ, ಇಳಿಜಾರಿಗೆ ಅಡ್ಡಲಾಗಿ ಒಡ್ಡು ಹಾಕಿ, ಕಲ್ಲಿನ ಕೋಡಿಯಿಂದ ಹೆಚ್ಚಿನ ನೀರನ್ನು ಮೆಲ್ಲನೆ ಕೆಳಗಿಳಿಸಿ, ಬಿದ್ದ ಮಳೆಯನ್ನು ಬಿದ್ದಲ್ಲಿಯೇ ಇಂಗಿಸುವ ಹುನಗುಂದದ ಒಣಬೇಸಾಯವು ಯಾರನ್ನೂ ಎಬ್ಬಿಸದೆ ನೆಲದ ಶಕ್ತಿಯನ್ನು ಹೆಚ್ಚಿಸುವ ಕ್ರಮ. ಅದಕ್ಕೆ ಸಲ್ಲಬೇಕಾದ ಮನ್ನಣೆ ಇನ್ನೂ ಪೂರ್ತಿಯಾಗಿ ಸಂದಿಲ್ಲವೆಂದೇ ಹೇಳಬೇಕು. 2009ರಲ್ಲಿಯೂ 2019ರಲ್ಲಿಯೂ ಮಲಪ್ರಭೆಯು ಉಕ್ಕಿ ದಂಡೆಯ ಊರುಗಳಿಗೆ ನುಗ್ಗಿದ್ದನ್ನು ನೆನೆದರೆ, ಕೆಟ್ಟ ವರ್ಷವೆಂಬುದು ಬರದ ರೂಪದಲ್ಲಿಯೇ ಬರಬೇಕಾಗಿಲ್ಲ.

ಜನನದ ವೇಗವೇನೋ ತಗ್ಗಿದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ ಹೆಣ್ಣೊಬ್ಬಳಿಗೆ ಸರಾಸರಿ 1.7 ಮಕ್ಕಳು. ಆದರೂ ಬಾದಾಮಿ, ಹುನಗುಂದಗಳ ಮಳೆಯಾಶ್ರಿತ ಹಳ್ಳಿಗಳಿಂದ ಗೋವೆ, ಮಂಗಳೂರು, ಬೆಂಗಳೂರುಗಳಿಗೆ ಗುಳೆ ಹೋಗುವುದು ನಿಂತಿಲ್ಲ. ಅಲ್ಲಿ ಕಟ್ಟಡದ ಕೆಲಸ ಮಾಡಿ ಮನೆಗೆ ಕಳುಹಿದ ಕೂಲಿಯೂ ಈಗ ಈ ನೆಲದ ಇಳುವರಿಯೇ ಆಗಿದೆ. 2011ರ ಗಣತಿ ನಡೆದದ್ದು ಫೆಬ್ರುವರಿಯಲ್ಲಿ, ಸುಗ್ಗಿಯ ಹಂಗಾಮಿನಲ್ಲಿ. ಆ ಕಾಲಕ್ಕೆ ಗೋವೆಯ ತಗಡಿನ ಬಿಡಾರದಲ್ಲಿದ್ದವನು ಗೋವೆಯ ನೆಲದ ಮೇಲಿನ ಭಾರವೋ ಹುನಗುಂದದ ನೆಲದ್ದೋ ಎಂಬುದು, 288 ಎಂಬ ಆ ಅಂಕೆಯಿಂದ ಬಿಡಿಸಿ ಹೇಳಲು ಬಾರದ ಸಂಗತಿ.