ಅರ್ಹರು ಸಿಕ್ಕರೆ

‘ಓದಿದ್ರೆ ಉದ್ಧಾರ ಆಗ್ತೀಯ’ ಅನ್ನೋ ಮಾತು ನಮ್ಮ ಕೇರಿಗಳಲ್ಲಿ ತಲೆಮಾರುಗಳಿಂದ ಓಡಾಡುತ್ತಿದೆ. ಈ ಮಾತನ್ನು ನಂಬಿ, ಜೀತಕ್ಕಿಟ್ಟ ಮಗನನ್ನು ಬಿಡಿಸಿ ತಂದು ಸ್ಕೂಲಿಗೆ ಹಾಕಿದ ಅಪ್ಪಂದಿರಿದ್ದಾರೆ. ಕೂಲಿಯ ಕಾಸಿನಲ್ಲಿ ಪರೀಕ್ಷೆ ಫೀಜು ಕಟ್ಟಿದ ಅವ್ವಂದಿರಿದ್ದಾರೆ. ಮಾತು ಸುಳ್ಳಲ್ಲ. ಆದರೆ ಓದಿಗೂ ಉದ್ಧಾರಕ್ಕೂ ನಡುವೆ ಒಂದು ದಾರಿ ಇದೆ. ಆ ದಾರಿಯ ಚರಿತ್ರೆಯನ್ನು ನಾವು ಸರಿಯಾಗಿ ಬರೆದುಕೊಂಡಿಲ್ಲ.

ಬರೆದಿರುವುದು ಎರಡು ಬಗೆಯ ಕತೆ. ಒಂದು ಉಪಕಾರದ ಕತೆ: ಮಹಾರಾಜರು ಶಾಲೆ ತೆರೆದರು, ಸುಧಾರಕರು ಕೈ ಹಿಡಿದರು, ದಲಿತರು ಮೇಲೆ ಬಂದರು. ಇನ್ನೊಂದು ಛಲದ ಕತೆ: ಬೀದಿದೀಪದ ಕೆಳಗೆ ಓದಿದ, ಹಟ ಬಿಡಲಿಲ್ಲ, ಆಫೀಸರಾದ. ಮೊದಲ ಕತೆಯಲ್ಲಿ ದಲಿತನಿಗೆ ಕೈಯೇ ಇಲ್ಲ. ಎರಡನೆಯದರಲ್ಲಿ ಅವನೆದುರು ಗೋಡೆಯೇ ಇಲ್ಲ. ಎರಡೂ ಮೇಲ್ಜಾತಿ ಮನಸ್ಸಿಗೆ ಹಿತವಾದ ಕತೆಗಳು. ದಲಿತ ವಿಮರ್ಶೆ ಇವೆರಡನ್ನೂ ಬಿಟ್ಟು ಬೇರೆ ಕಡೆಯಿಂದ ಶುರು ಮಾಡಬೇಕು.

1918ರಲ್ಲಿ ಮೈಸೂರು ಸಂಸ್ಥಾನ ನ್ಯಾಯಮೂರ್ತಿ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಒಂದು ಸಮಿತಿ ನೇಮಿಸಿತು. ಏಳು ವರ್ಷದೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧದಷ್ಟಾದರೂ, ಕೆಳಗಿನ ಹುದ್ದೆಗಳಲ್ಲಿ ಮೂರನೇ ಎರಡರಷ್ಟಾದರೂ ಬ್ರಾಹ್ಮಣೇತರರಿಗೆ ಸಿಗಬೇಕು ಎಂದು 1919ರ ವರದಿ ಹೇಳಿತು. ದೊಡ್ಡ ಮಾತು, ನಿಜ. ಅದರಲ್ಲಿ ದಲಿತರಿಗೆ ಆದ್ಯತೆಯೂ ಇತ್ತು. ಆದರೆ ಜೊತೆಗೊಂದು ಷರತ್ತು: ಅರ್ಹರು ಸಿಕ್ಕರೆ.

ಈ ‘ಸಿಕ್ಕರೆ’ ಎಂಬ ಪದದೊಳಗೇ ನಮ್ಮ ಹುಡುಗರ ಚರಿತ್ರೆ ಅಡಗಿದೆ. ವರದಿಯ ಫಲ ಉಂಡವರು ಯಾರು? ಊರಿನಲ್ಲಿ ಜಮೀನು, ಪಟ್ಟಣದಲ್ಲಿ ಸಂಘ ಇದ್ದವರು. ವೀರಶೈವ ಮಹಾಸಭೆ 1904ರಲ್ಲಿ, ಒಕ್ಕಲಿಗರ ಸಂಘ 1906ರಲ್ಲಿ ಹುಟ್ಟಿದ್ದವು. ಹಳ್ಳಿಯಿಂದ ಬಂದ ಜಾಣ ಹುಡುಗನಿಗೆ ಮಲಗಲು ಜಾಗ, ಉಣ್ಣಲು ಅನ್ನ, ಅರ್ಜಿ ಹಾಕಲು ದಾರಿ ಹೇಳುವ ಹಿರಿಯರು ಅವರಲ್ಲಿದ್ದರು. ಹೊಲೆಯ ಮಾದಿಗರ ಹುಡುಗನಿಗೆ ಇವೇನೂ ಇರಲಿಲ್ಲ. ಅರ್ಹತೆ ಅನ್ನೋದು ತಲೆಯೊಳಗೆ ಮಾತ್ರ ಬೆಳೆಯುವ ವಸ್ತುವಲ್ಲ. ಅದಕ್ಕೆ ಒಂದು ಕೋಣೆ ಬೇಕು, ಎರಡು ಹೊತ್ತಿನ ಊಟ ಬೇಕು.

ಸರಿ, ಅರ್ಹನೇ ಸಿಕ್ಕಿಬಿಟ್ಟ ಅಂತಿಟ್ಟುಕೊಳ್ಳಿ. ಆಗ ಏನಾಗುತ್ತೆ? ಇದಕ್ಕೂ ಚರಿತ್ರೆಯಲ್ಲಿ ಉತ್ತರ ಇದೆ. 1913ರಲ್ಲಿ ಬರೋಡಾ ಸಂಸ್ಥಾನದ ವಿದ್ಯಾರ್ಥಿವೇತನ ಪಡೆದು ಕೊಲಂಬಿಯಾಕ್ಕೆ ಹೋದ ಅಂಬೇಡ್ಕರ್, ಮರಳಿದ ಮೇಲೆ ಹತ್ತು ವರ್ಷ ಅಲ್ಲೇ ಕೆಲಸ ಮಾಡುವುದಾಗಿ ಕರಾರು ಬರೆದುಕೊಟ್ಟಿದ್ದರು. 1917ರಲ್ಲಿ ಬರೋಡಾಕ್ಕೆ ಬಂದರು. ವಿದೇಶದ ಪದವಿ ಇತ್ತು. ಕೆಲಸ ಇತ್ತು. ಕರೆದಿದ್ದು ಸ್ವತಃ ಮಹಾರಾಜ. ಸಿಗದೇ ಹೋದದ್ದು ಒಂದು ಕೋಣೆ. ಪಾರ್ಸಿ ಹೆಸರಿನಲ್ಲಿ ಪಾರ್ಸಿಗಳ ವಸತಿಗೃಹದಲ್ಲಿ ಉಳಿದರು. ಹನ್ನೊಂದನೆಯ ದಿನ ಬೆಳಗ್ಗೆ ಡಜನ್ ಜನ ದೊಣ್ಣೆ ಹಿಡಿದು ಬಂದು, ಸಂಜೆಯೊಳಗೆ ಖಾಲಿ ಮಾಡು ಅಂದರು. ಒಬ್ಬ ಹಿಂದೂ ಗೆಳೆಯ, ಒಬ್ಬ ಕ್ರೈಸ್ತ ಗೆಳೆಯ, ಇಬ್ಬರೂ ಒಂದೊಂದು ನೆವ ಹೇಳಿದರು. ಸಾರ್ವಜನಿಕ ಉದ್ಯಾನದಲ್ಲಿ ಕೂತು ಕಾಲ ಕಳೆದು, ರಾತ್ರಿಯ ರೈಲು ಹತ್ತಿ ಬೊಂಬಾಯಿಗೆ ವಾಪಸಾದರು. ‘ವೆಯ್ಟಿಂಗ್ ಫಾರ್ ಎ ವೀಸಾ’ದಲ್ಲಿ ಇದನ್ನು ಅವರೇ ದಾಖಲಿಸಿದ್ದಾರೆ.

ಇಲ್ಲಿ ಛಲ ಕಮ್ಮಿಯಿತ್ತಾ? ಪ್ರತಿಭೆ ಕಮ್ಮಿಯಿತ್ತಾ? ಛಲದ ಕತೆ ಹೇಳುವವರು ಬರೋಡಾದ ಆ ಸಂಜೆಗೆ ಉತ್ತರ ಕೊಡಬೇಕು.

ಆದರೆ ಕತೆ ಆ ಉದ್ಯಾನದಲ್ಲೇ ಮುಗಿಯಲಿಲ್ಲ. 1924ರಲ್ಲಿ ಅಂಬೇಡ್ಕರ್ ಬಹಿಷ್ಕೃತ ಹಿತಕಾರಿಣಿ ಸಭಾ ಕಟ್ಟಿದರು. ಅದು ಮೊದಲು ಕೈಹಾಕಿದ ಕೆಲಸಗಳಲ್ಲಿ ಒಂದು, 1925ರಲ್ಲಿ ಸೊಲ್ಲಾಪುರದಲ್ಲಿ ವಿದ್ಯಾರ್ಥಿಗಳಿಗೆ ಹಾಸ್ಟೆಲ್ ತೆರೆದದ್ದು. 1929ರಲ್ಲಿ ನಮ್ಮ ಧಾರವಾಡಕ್ಕೂ ಅಂಥದೊಂದು ಹಾಸ್ಟೆಲ್ ಬಂತು. ನಾನು ಇದನ್ನು ಓದುವುದು ಹೀಗೆ: ಕೋಣೆ ಸಿಗದ ಮನುಷ್ಯ ಮುಂದಿನವರಿಗೆ ಕೋಣೆ ಕಟ್ಟಿಸಿದ. ದಲಿತರ ಸ್ವಂತ ಶಕ್ತಿ ಅಂದರೆ ಇದು. ಗೋಡೆ ಹಾರಿದ ಒಬ್ಬನ ಸಾಹಸ ಅಲ್ಲ, ಗೋಡೆಯನ್ನು ಗುರುತು ಹಿಡಿದು ಹತ್ತು ಜನಕ್ಕೆ ಬಾಗಿಲು ಕೊರೆಯುವ ಬುದ್ಧಿ. 1943ರಲ್ಲಿ, ಅವರು ವೈಸರಾಯ್ ಮಂಡಳಿಯ ಸದಸ್ಯರಾಗಿದ್ದಾಗ, ಕೇಂದ್ರ ಸರ್ಕಾರದ ಹುದ್ದೆಗಳಲ್ಲಿ ಶೇಕಡಾ 8.33 ಮೀಸಲಾತಿ ಬಂತು. ‘ಸಿಕ್ಕರೆ’ ಎನ್ನುವ ಕಡೆ ಒಂದು ಅಂಕಿ ಬಂದು ಕೂತಿತು.

ಕರ್ನಾಟಕದಲ್ಲಿ ಈ ಕೋಣೆಗಳು ಏನು ಮಾಡಿದವು ಎನ್ನುವುದಕ್ಕೆ 1973 ಸಾಕ್ಷಿ. ಬಿ. ಬಸವಲಿಂಗಪ್ಪನವರ ‘ಬೂಸಾ’ ಮಾತಿನ ನೆಪದಲ್ಲಿ ಹಲ್ಲೆಗಳಾದಾಗ ಪೆಟ್ಟು ತಿಂದವರಲ್ಲಿ ದಲಿತ ವಿದ್ಯಾರ್ಥಿಗಳಿದ್ದರು. ಎದ್ದು ನಿಂತವರೂ ಅವರೇ. ದಲಿತ ಸಂಘರ್ಷ ಸಮಿತಿಯ ಬೇರುಗಳಲ್ಲಿ ಒಂದು ಆ ಹಾಸ್ಟೆಲುಗಳ ನೆಲದಲ್ಲಿದೆ. ಸಿದ್ಧಲಿಂಗಯ್ಯನವರ ‘ಊರು ಕೇರಿ’ಯನ್ನೂ ಅರವಿಂದ ಮಾಲಗತ್ತಿಯವರ ‘ಗೌರ್ಮೆಂಟ್ ಬ್ರಾಹ್ಮಣ’ವನ್ನೂ ವಿಮರ್ಶಕರು ‘ನೋವಿನ ಕಥನ’ ಅಂತ ಕರೆದು ಸುಮ್ಮನಾಗುತ್ತಾರೆ. ಓದು ಕೆಲಸವಾಗಿ ಬದಲಾಗುವ ದಾರಿಯ ದಾಖಲೆಗಳಾಗಿಯೂ ಅವನ್ನು ಓದಬೇಕು.

ನಮ್ಮ ಕಡೆಯ ತಪ್ಪನ್ನೂ ಹೇಳಬೇಕು. ಈ ಚರಿತ್ರೆಯಲ್ಲಿ ನಾನು ಇಲ್ಲಿವರೆಗೂ ‘ಹುಡುಗ’ ಅಂತಲೇ ಬರೆದೆ. ಅಣ್ಣನ ಓದಿಗಾಗಿ ಸ್ಕೂಲು ಬಿಟ್ಟು ಕಳೆ ಕೀಳಲು ಹೋದ ತಂಗಿಯ ಬೆವರು ಅಣ್ಣನ ಛಲದ ಲೆಕ್ಕಕ್ಕೇ ಜಮೆಯಾಗಿದೆ. ಆ ಲೆಕ್ಕ ತಿದ್ದದೆ ದಲಿತ ವಿಮರ್ಶೆ ಪೂರ್ತಿಯಾಗೋದಿಲ್ಲ.

‘ಸಿಕ್ಕರೆ’ ಈಗಲೂ ಸತ್ತಿಲ್ಲ, ಖಾಸಗಿ ಕಂಪನಿಗಳ ಒಳಗೆ ಹೋಗಿ ಕೂತಿದೆ. 2007ರಲ್ಲಿ ಸುಖದೇವ್ ಥೋರಟ್ ಮತ್ತು ಪಾಲ್ ಅಟ್ಟೆವೆಲ್ ಒಂದೇ ಅರ್ಹತೆಯ, ಬೇರೆ ಬೇರೆ ಹೆಸರಿನ ಅರ್ಜಿಗಳನ್ನು ಖಾಸಗಿ ಕಂಪನಿಗಳಿಗೆ ಕಳಿಸಿದ ಅಧ್ಯಯನ ಪ್ರಕಟಿಸಿದರು. ಮೇಲ್ಜಾತಿ ಹೆಸರಿಗೆ ಹೋಲಿಸಿದರೆ ದಲಿತ ಹೆಸರಿಗೆ ಕರೆ ಬರುವ ಸಾಧ್ಯತೆ ಸುಮಾರು ಮೂರನೇ ಒಂದರಷ್ಟು ಕಡಿಮೆಯಿತ್ತು. ಅದೇ ವರ್ಷ ಅಶ್ವಿನಿ ದೇಶಪಾಂಡೆ ಮತ್ತು ಕ್ಯಾಥರೀನ್ ನ್ಯೂಮನ್ ದೆಹಲಿಯ ವಿದ್ಯಾರ್ಥಿಗಳ ಬಗ್ಗೆ ಬರೆದದ್ದನ್ನು ನೋಡಿದರೆ, ಸಂದರ್ಶನದಲ್ಲಿ ಕೇಳುವ ‘ಮನೆತನದ ಹಿನ್ನೆಲೆ’ ಎಂಬ ಸಾದಾ ಪ್ರಶ್ನೆಯೇ ದಲಿತ ವಿದ್ಯಾರ್ಥಿಗೆ ಕತ್ತಿಯಾಗುತ್ತದೆ.

ನನ್ನ ತರಗತಿಯಲ್ಲಿ ಡಿಗ್ರಿ ಮುಗಿಸಿದ ಹುಡುಗಿಯೊಬ್ಬಳು ನಾಲ್ಕನೇ ಇಂಟರ್‌ವ್ಯೂ ಮುಗಿಸಿ ಬಂದು, ‘ನನ್ನಲ್ಲೇ ಏನೋ ಕೊರತೆ ಇದೆ ಮೇಡಂ’ ಅಂದಳು. ನಾನು ಅವಳಿಗೆ ಧೈರ್ಯ ಹೇಳಲಿಲ್ಲ. ಬರೋಡಾದ ಹನ್ನೊಂದು ದಿನಗಳ ಕತೆ ಹೇಳಿದೆ. ಸೊಲ್ಲಾಪುರದ ಹಾಸ್ಟೆಲಿನ ಕತೆಯನ್ನೂ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹಂಗಾದ್ರೆ ನಾವು ಎಷ್ಟು ಜನ ಇದ್ದೀವಿ ಅಂತ ಮೊದಲು ಲೆಕ್ಕ ಹಾಕಬೇಕು’ ಅಂದಳು.

ಚರಿತ್ರೆ ಓದಿ ಮಾಡಬೇಕಾದ ಮೊದಲ ಕೆಲಸ ಅದೇ.