ಲಿವರ್‌ಪೂಲ್ ಡೈರಿ: ಅಬ್ಬಕ್ಕ ವಾಪಸ್ ಕಳಿಸಿದ ಒಡವೆ

ನೈಟ್ ಡ್ಯೂಟಿ ಮುಗಿಸಿ ಈಗಷ್ಟೇ ಬಂದೆ. ಹೋದ ವಾರ ಚಿಕ್ಕಮ್ಮ ಫೋನಲ್ಲಿ ಸೀರಿಯಲ್ ಕಥೆ ಹೇಳಿದ್ರು. ರಾಜಕುಮಾರ ಹೆಂಡತಿಗೆ ಹಿಂಸೆ ಕೊಡ್ತಾನಂತೆ, "ಆದ್ರೆ ಒಳಗೊಳಗೆ ಪ್ರೀತಿ ಉಂಟು ಮಾರಾಯ್ತಿ!" ನನಗೆ ನಮ್ಮ ಉಳ್ಳಾಲದ ಅಬ್ಬಕ್ಕ ನೆನಪಾದಳು.

ಉಳ್ಳಾಲದಲ್ಲಿ ಚೌಟರ ರಾಣಿ, ನೇತ್ರಾವತಿಯ ಆಚೆ ಮಂಗಳೂರಲ್ಲಿ ಬಂಗರಾಜ. ಎರಡು ಅರಮನೆ ಸೇರಿಸಲಿಕ್ಕೆ ಆದ ಮದುವೆ. ಚೌಟರದ್ದು ಅಳಿಯಸಂತಾನ, ಹಾಗಾಗಿ ಮದುವೆಯಾದರೂ ರಾಜ್ಯ ಅವಳದ್ದೇ. ಸಂಸಾರ ಮುರಿಯಿತು. ಅವನು ಕೊಟ್ಟ ಒಡವೆಗಳನ್ನು ಅವಳು ವಾಪಸ್ ಕಳಿಸಿದಳು. ಮುಂದೆ ಅವಳು ದೋಣಿಯಲ್ಲಿ ಹೋಗುವಾಗ ಬಂಗ ಹಿಡಿದ, ಆಮೇಲೆ ಬಿಟ್ಟ. ಇದನ್ನೆಲ್ಲ ಬರೆದಿಟ್ಟವನು 1623ರಲ್ಲಿ ನಮ್ಮೂರ ಕಡೆ ಬಂದ ಇಟಲಿಯ ಪ್ರವಾಸಿ ಪಿಯೆತ್ರೊ ಡೆಲ್ಲಾ ವಲ್ಲೆ.

ಬಿಟ್ಟದ್ದು ಪ್ರೀತಿಯಿಂದಲಾ? ಸೀರಿಯಲ್ ಆಗಿದ್ರೆ ಹೌದು. ಅಬ್ಬಕ್ಕ ಅದನ್ನೇ ಯೋಚಿಸ್ತಾ ಕೂರಲಿಲ್ಲ. ಇಕ್ಕೇರಿಯ ವೆಂಕಟಪ್ಪ ನಾಯಕನ ಸಹಾಯ ಕೇಳಿದಳು. ಪೋರ್ಚುಗೀಸರು ಬೆನ್ನಿಗಿದ್ದರೂ ಬಂಗ ಸೋತ. ಡೆಲ್ಲಾ ವಲ್ಲೆ ಕಂಡಾಗ ಅವಳು ಬರಿಗಾಲಲ್ಲಿ ನಡೆದು ಹೋಗಿ ನೀರಿನ ಕಾಲುವೆ ಕೆಲಸ ನೋಡುತ್ತಿದ್ದಳು.

ನನ್ನ ಕೆಲಸದಲ್ಲೂ ಮೈಮೇಲೆ ಏಟಿನ ಗುರುತು ಇಟ್ಟುಕೊಂಡು "ಅವರಿಗೆ ಮನಸ್ಸಲ್ಲಿ ಪ್ರೀತಿ ಇದೆ" ಅನ್ನುವ ಹೆಂಗಸರನ್ನು ಕಂಡಿದ್ದೇನೆ. ನಾನು ವಾದ ಮಾಡುದಿಲ್ಲ. "ಇವತ್ತು ಮನೆಗೆ ಹೋಗ್ಲಿಕ್ಕೆ ಹೆದರಿಕೆ ಉಂಟಾ?" ಅಂತ ಕೇಳ್ತೇನೆ. ಆಗ ಹೆಚ್ಚಿನವರು ಸುಮ್ಮನಾಗ್ತಾರೆ.

ಚಿಕ್ಕಮ್ಮ, ನಮ್ಮೂರಲ್ಲಿ ಯಾವ ಹುಡುಗಿಯಾದ್ರೂ ತಾಯಿ ಮನೆಗೆ ವಾಪಸ್ ಬಂದ್ರೆ, "ಸ್ವಲ್ಪ ತಾಳ್ಕೋ" ಅನ್ನುವ ಮೊದಲು ಅಬ್ಬಕ್ಕನನ್ನು ನೆನಪು ಮಾಡಿಕೊಳ್ಳಿ.