ನವಬೃಂದಾವನ ಮತ್ತು ಆಶ್ರಮಗಳ ಅನುಕ್ರಮ

ಬ್ರಹ್ಮಚರ್ಯ, ಗಾರ್ಹಸ್ಥ್ಯ, ವಾನಪ್ರಸ್ಥ, ಸಂನ್ಯಾಸ ಎಂಬ ಆಶ್ರಮಗಳನ್ನು ಒಂದಾದ ಮೇಲೊಂದು ಏರುವ ಮೆಟ್ಟಿಲುಗಳೆಂದು ಸಾಮಾನ್ಯವಾಗಿ ಭಾವಿಸಲಾಗುತ್ತದೆ. ಪ್ರಾಚೀನ ಧರ್ಮಸೂತ್ರಗಳಲ್ಲಾದರೋ ಅವು ವಿದ್ಯಾಭ್ಯಾಸದ ತರುವಾಯ ಆರಿಸಿಕೊಳ್ಳಬಹುದಾದ ಬೇರೆ ಬೇರೆ ಜೀವನಮಾರ್ಗಗಳು. ಅನುಕ್ರಮದ ರೂಪ ಸ್ಪಷ್ಟವಾಗುವುದು ಮನುಸ್ಮೃತಿಯಲ್ಲಿ.

ಅನುಕ್ರಮವು ಕಟ್ಟಳೆಯಾದ ಮೇಲೂ ಆಯ್ಕೆ ಉಳಿಯಿತೆಂಬುದಕ್ಕೆ ಗಂಗಾವತಿ ತಾಲ್ಲೂಕಿನ ಆನೆಗೊಂದಿಯ ಬಳಿ, ತುಂಗಭದ್ರೆಯ ನಡುಗಡ್ಡೆಯಲ್ಲಿರುವ ನವಬೃಂದಾವನವೇ ಸಾಕ್ಷಿ. ಅಲ್ಲಿ ಒಂಬತ್ತು ಮಾಧ್ವ ಯತಿಗಳ ಬೃಂದಾವನಗಳಿವೆ. 1539ರಲ್ಲಿ ಬೃಂದಾವನಸ್ಥರಾದ ವ್ಯಾಸತೀರ್ಥರು ಎಳವೆಯಲ್ಲೇ ಸಂನ್ಯಾಸ ಸ್ವೀಕರಿಸಿದವರು. ಅಲ್ಲೇ ಬೃಂದಾವನವುಳ್ಳ ಸುಧೀಂದ್ರತೀರ್ಥರು 1621ರಲ್ಲಿ ಸಂನ್ಯಾಸವಿತ್ತದ್ದು ಗೃಹಸ್ಥರಾಗಿದ್ದ ವೇಂಕಟನಾಥರಿಗೆ. ಅವರೇ ಮುಂದೆ ಮಂತ್ರಾಲಯದ ರಾಘವೇಂದ್ರತೀರ್ಥರು. ಇಬ್ಬರ ಬಾಳಿನಲ್ಲೂ ವಾನಪ್ರಸ್ಥಕ್ಕೆ ಎಡೆಯಿರಲಿಲ್ಲ.

ವೇಂಕಟನಾಥರ ಪತ್ನಿ ಸರಸ್ವತಿ ಅಗಲಿಕೆ ತಾಳದೆ ಬಾವಿಗೆ ಬಿದ್ದು ಪ್ರಾಣಬಿಟ್ಟರೆಂದೂ ಯತಿಗಳು ಆಕೆಗೆ ಮುಕ್ತಿ ಕರುಣಿಸಿದರೆಂದೂ ಸಂಪ್ರದಾಯ ಹೇಳುತ್ತದೆ. ತ್ಯಾಗದ ಭಾರ ಮನೆಯಲ್ಲುಳಿದವರ ಮೇಲೂ ಬೀಳುತ್ತದೆಂಬುದನ್ನು ಆ ಸ್ಮರಣೆ ಮರೆಮಾಚಿಲ್ಲ. ಕೊರಿಂಥದವರಿಗೆ ಬರೆದ ಮೊದಲ ಪತ್ರದ 7ನೆಯ ಅಧ್ಯಾಯದಲ್ಲಿ ಸಂತ ಪೌಲರು, ಪ್ರಾರ್ಥನೆಗಾಗಿ ದಂಪತಿಗಳು ಸ್ವಲ್ಪಕಾಲ ದೂರವಿರುವುದಕ್ಕೂ ಪರಸ್ಪರ ಸಮ್ಮತಿ ಬೇಕೆನ್ನುತ್ತಾರೆ. ದೈವಕರೆಯನ್ನು ಪರೀಕ್ಷಿಸುವ ನಾವು, ಕರೆ ಪಡೆದವನನ್ನು ಮಾತ್ರವಲ್ಲ, ಅವನು ಬಿಟ್ಟುಬರುವ ಮನೆಯವರನ್ನೂ ವಿಚಾರಿಸಬೇಕು.